‘ಮೇಲ್ ಬಂದಿಲ್ಲ ಸರ್’: ಶಾಲೆಯ ಇಮೇಲ್ ನೋಡಿಕೊಂಡ ನನ್ನ ಅನುಭವ

ಒಂದೇ ದಿನ ಮೂವರು ಬಂದು ಒಂದೇ ಮಾತು ಹೇಳಿದರು: ‘ಮೇಲ್ ಬಂದಿಲ್ಲ ಸರ್.’ ಮೊದಲನೆಯವರಿಗೆ ಮೇಲ್ ಬಂದಿತ್ತು; ಅವರು ನೋಡುತ್ತಿದ್ದದ್ದು ಶಾಲೆಯ ಖಾತೆಯನ್ನಲ್ಲ, ತಮ್ಮ ಸ್ವಂತ ಜಿಮೇಲನ್ನು. ಎರಡನೆಯವರಿಗೆ ಕಳಿಸಿದವರು ವಿಳಾಸದಲ್ಲಿ ಒಂದು ಅಕ್ಷರ ಬಿಟ್ಟಿದ್ದರು. ಮೂರನೆಯವರದು ಮಾತ್ರ ನಿಜವಾದ ತೊಂದರೆ. ಅದರ ಬುಡ ಸಿಗಲು ನನಗೆ ನಾಲ್ಕು ದಿನ ಹಿಡಿಯಿತು. ಆ ಕಥೆ ಆಮೇಲೆ ಹೇಳುತ್ತೇನೆ.

ನಾನು ಗಣಿತದ ಮೇಷ್ಟ್ರು. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ತೆಗೆಯಬಲ್ಲೆ ಎಂಬ ಒಂದೇ ಅರ್ಹತೆಯ ಮೇಲೆ ಶಾಲೆಯ ಇಡೀ ಮೇಲ್ ವ್ಯವಸ್ಥೆ ನನ್ನ ಕೊರಳಿಗೆ ಬಿತ್ತು. ‘ನಿಮಗೆ ಕಂಪ್ಯೂಟರ್ ಬರುತ್ತಲ್ಲ, ಇದೊಂದು ನೋಡ್ಕೊಳ್ಳಿ’ ಎಂದರು ಪ್ರಾಂಶುಪಾಲರು. ನಮ್ಮದು ಗೂಗಲ್ ವರ್ಕ್‌ಸ್ಪೇಸ್ ಫಾರ್ ಎಜುಕೇಶನ್. 2006ರಲ್ಲಿ ಗೂಗಲ್ ಆಪ್ಸ್ ಎಂಬ ಹೆಸರಲ್ಲಿ ಶುರುವಾದದ್ದು, ನಡುವೆ ಜಿ ಸೂಟ್ ಆಯಿತು, 2021ರಲ್ಲಿ ಈಗಿನ ಹೆಸರು ಬಂತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಹುಡುಕಿದಾಗ ಸಿಗುವ ಅರ್ಧ ಸಹಾಯ ಬರಹಗಳು ಹಳೆಯ ಹೆಸರಿನ ಕಾಲದವು. ಅವುಗಳಲ್ಲಿ ‘ಇಲ್ಲಿ ಒತ್ತಿ’ ಎಂದಿರುವ ಮೆನು ಈಗ ಆ ಜಾಗದಲ್ಲಿ ಇರುವುದೇ ಇಲ್ಲ. ಮೊದಲ ತಿಂಗಳು ನಾನು ಕಲಿತದ್ದಕ್ಕಿಂತ ಇಲ್ಲದ ಗುಂಡಿಗಳನ್ನು ಹುಡುಕಿದ್ದೇ ಹೆಚ್ಚು.

ಅಧಿಕಾರ ಹಸ್ತಾಂತರ ನಡೆದದ್ದು ಒಂದು ಚೀಟಿಯಲ್ಲಿ. ಅದರಲ್ಲಿ ಒಂದು ವಿಳಾಸ, ಒಂದು ಪಾಸ್‌ವರ್ಡ್. ಸಂಜೆ ಒಳಗೆ ಹೋಗಿ ನೋಡಿದರೆ ಅದು ಕಚೇರಿಯವರು ದಿನವಿಡೀ ಬಳಸುವ ಖಾತೆ. ಬಂದ ಲಗತ್ತುಗಳನ್ನೆಲ್ಲ ತೆರೆಯುವ, ಕಂಡಕಂಡ ಕೊಂಡಿಗಳನ್ನು ಒತ್ತುವ ಆ ಖಾತೆಗೇ ಸೂಪರ್ ಅಡ್ಮಿನ್ ಅಧಿಕಾರ. ಯಾರಾದರೂ ಅದರ ಪಾಸ್‌ವರ್ಡ್ ಕದ್ದಿದ್ದರೆ ಶಾಲೆಯ ಅಷ್ಟೂ ಖಾತೆಗಳು ಅವರ ಕೈಗೆ ಹೋಗುತ್ತಿದ್ದವು. ನಾನು ಮಾಡಿದ ಮೊದಲ ಕೆಲಸವೆಂದರೆ ಎರಡು ಹೊಸ ಅಡ್ಮಿನ್ ಖಾತೆ ತೆರೆದು, ಅವುಗಳಲ್ಲಿ ಮೇಲ್ ಓದುವ ಕೆಲಸವನ್ನೇ ಇಟ್ಟುಕೊಳ್ಳದೆ, ಕಚೇರಿ ಖಾತೆಯ ಅಧಿಕಾರ ಕಿತ್ತುಹಾಕಿದ್ದು. ಎರಡು ಯಾಕೆಂದರೆ ಒಂದರಿಂದ ನಾನೇ ಹೊರಗುಳಿದರೆ ಇನ್ನೊಂದು ಬೇಕು. ಎರಡು ಹಂತದ ಪರಿಶೀಲನೆಗೆ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆಗೆ, ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಪ್ರಾಂಶುಪಾಲರ ಬೀರುವಿನಲ್ಲಿ ಇಟ್ಟೆ. ಅವರು ಅದನ್ನು ಏನೋ ಲಾಟರಿ ನಂಬರೆಂದುಕೊಂಡಂತೆ ನೋಡಿದರು.

ಮಕ್ಕಳ ಖಾತೆ ತೆರೆಯುವುದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಹೆಸರುಗಳ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ) ಕಡತ ಮಾಡಿ ಏರಿಸಿದರೆ ಆಯಿತು. ನಾನು ಎಡವಿದ್ದು ಎರಡು ಕಡೆ. ಆರಂಭದ ಪಾಸ್‌ವರ್ಡ್ ಆಗಿ ದಾಖಲಾತಿ ಸಂಖ್ಯೆ ಇರಲಿ ಎಂದುಕೊಂಡೆ. ಎಕ್ಸೆಲ್ ಕಡತವನ್ನು ತೆರೆದ ಕೂಡಲೇ ಸಂಖ್ಯೆಯ ಮೊದಲಿನ ಸೊನ್ನೆಗಳನ್ನು ನುಂಗಿಬಿಟ್ಟಿತು. ಒಂದಿಡೀ ತರಗತಿ ‘ಪಾಸ್‌ವರ್ಡ್ ತಪ್ಪು ಅಂತಿದೆ’ ಎಂದು ಕೂತಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ ದಾಖಲಾತಿ ಸಂಖ್ಯೆಯನ್ನು ಪಾಸ್‌ವರ್ಡ್ ಮಾಡಿದ್ದು. ಪಕ್ಕದವನ ಸಂಖ್ಯೆ ಯಾವ ಹುಡುಗನಿಗೆ ಗೊತ್ತಿರುವುದಿಲ್ಲ? ಮರುದಿನವೇ ಒಬ್ಬಳ ಖಾತೆಯಿಂದ ಇನ್ನೊಬ್ಬಳಿಗೆ ಪ್ರೇಮಪತ್ರ ಹೋಗಿತ್ತು. ಮುಂದಿನ ವರ್ಷದಿಂದ ಪ್ರತಿ ಮಗುವಿಗೂ ಬೇರೆ ಬೇರೆ ಯಾದೃಚ್ಛಿಕ ಪಾಸ್‌ವರ್ಡ್, ಮೊದಲ ಸಲ ಒಳಗೆ ಹೋದಾಗಲೇ ಬದಲಿಸಬೇಕು. ಮರೆತವರ ಪಾಸ್‌ವರ್ಡ್ ಮರುಹೊಂದಿಸುವ ಅಧಿಕಾರವನ್ನು ಇಬ್ಬರು ಶಿಕ್ಷಕರಿಗೆ, ವಿದ್ಯಾರ್ಥಿಗಳ ವಿಭಾಗಕ್ಕೆ ಮಾತ್ರ ಸೀಮಿತಗೊಳಿಸಿ ಕೊಟ್ಟೆ. ನನ್ನ ಕೆಲಸದ ಅರ್ಧ ಭಾರ ಅವತ್ತೇ ಇಳಿಯಿತು.

ಈಗ ಆ ಮೂರನೆಯವರ ಮೇಲ್ ವಿಷಯ.

ಲಕ್ಷಣಗಳು ವಿಚಿತ್ರವಾಗಿದ್ದವು. ಶಿಕ್ಷಕರು ತಮ್ಮತಮ್ಮಲ್ಲೇ ಕಳಿಸಿಕೊಂಡ ಮೇಲ್ ಸರಿಯಾಗಿ ಬರುತ್ತಿತ್ತು. ಹೊರಗಿನಿಂದ ಕೆಲವರದು ಬರುತ್ತಿತ್ತು, ಕೆಲವರದು ಬರುತ್ತಿರಲಿಲ್ಲ. ಬಾರದ್ದು ಕಳಿಸಿದವರಿಗೆ ವಾಪಸ್ಸೂ ಹೋಗುತ್ತಿರಲಿಲ್ಲ. ಮೊದಲ ದಿನ ನಾನು ಸ್ಪ್ಯಾಮ್ ಪೆಟ್ಟಿಗೆ ನೋಡಿದೆ, ಫಿಲ್ಟರ್‌ಗಳನ್ನು ನೋಡಿದೆ, ಬ್ಲಾಕ್ ಪಟ್ಟಿ ನೋಡಿದೆ. ಎರಡನೆಯ ದಿನ ಅಡ್ಮಿನ್ ಕನ್ಸೋಲ್ ಎಂಬ ನಿರ್ವಾಹಕರ ಪುಟದ ಇಮೇಲ್ ಲಾಗ್ (ಬಂದುಹೋದ ಮೇಲ್‌ಗಳ ದಾಖಲೆ) ಹುಡುಕಾಟದಲ್ಲಿ ಕಳಿಸಿದವರ ವಿಳಾಸ ಹಾಕಿದೆ. ಫಲಿತಾಂಶ ಖಾಲಿ. ಏನೋ ತಪ್ಪು ಹುಡುಕುತ್ತಿದ್ದೇನೆ ಎಂದು ದಿನಾಂಕ ಬದಲಿಸಿದೆ, ವಿಳಾಸ ಬದಲಿಸಿದೆ, ಪುಟ ಮತ್ತೆ ತೆರೆದೆ. ಖಾಲಿ ಎಂಬುದೇ ಉತ್ತರ, ಮೇಲ್ ಗೂಗಲ್‌ನ ಬಾಗಿಲಿಗೇ ಬಂದಿಲ್ಲ ಎಂದು ಅದು ಹೇಳುತ್ತಿದೆ ಎಂಬುದು ಹೊಳೆಯಲು ಇನ್ನೊಂದು ದಿನ ಹೋಯಿತು. ಗಣಿತದ ಮೇಷ್ಟ್ರಿಗೆ ಸೊನ್ನೆಯ ಬೆಲೆ ಗೊತ್ತಾಗದೆ ಹೋದದ್ದು ಹೀಗೆ.

ಬಾಗಿಲಿಗೆ ಬಂದಿಲ್ಲ ಎಂದರೆ ಬೇರೆಲ್ಲೋ ಹೋಗಿದೆ. ಮೇಲ್ ಕಳಿಸುವ ಸರ್ವರ್ ನಮ್ಮ ಡೊಮೇನ್ ಹೆಸರನ್ನು (ವಿಳಾಸದಲ್ಲಿ @ ಆದ ಮೇಲಿನ ಭಾಗ) ಹಿಡಿದು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್‌ನೆಟ್ಟಿನ ವಿಳಾಸ ಪುಸ್ತಕದಲ್ಲಿ, ಎಂಎಕ್ಸ್ ರೆಕಾರ್ಡ್ ಕೇಳುತ್ತದೆ. ‘ಈ ಡೊಮೇನಿನ ಮೇಲ್ ಯಾವ ಸರ್ವರ್‌ಗೆ ಕೊಡಬೇಕು?’ ಎಂಬ ಪ್ರಶ್ನೆಗೆ ಸಿಗುವ ಉತ್ತರ ಅದು. ಶಾಲೆಯ ಕಂಪ್ಯೂಟರ್‌ನಲ್ಲಿ ಎನ್‌ಎಸ್‌ಲುಕಪ್ ಆಜ್ಞೆ ಕೊಟ್ಟು ನೋಡಿದೆ. ಗೂಗಲ್‌ನ ಸರ್ವರ್‌ಗಳ ಹೆಸರೇ ಬಂತು, ಎಲ್ಲ ಸರಿಯಿದೆ. ತಲೆ ಕೆಟ್ಟು ಹೊರಗೆ ಬಂದು ಮೊಬೈಲ್ ಡೇಟಾದಲ್ಲಿ ಅದೇ ಪ್ರಶ್ನೆ ಕೇಳಿದೆ. ಬೇರೆಯೇ ಉತ್ತರ! ನಾನು ಹೆಸರೇ ಕೇಳಿರದ ಒಂದು ಹೋಸ್ಟಿಂಗ್ ಸರ್ವರ್, ಅಂದರೆ ವೆಬ್‌ಸೈಟ್‌ಗಳನ್ನು ಇಟ್ಟುಕೊಳ್ಳುವ ಬಾಡಿಗೆ ಕಂಪ್ಯೂಟರ್.

ಆಮೇಲೆ ವಿಚಾರಿಸಿದರೆ ಗೊತ್ತಾದದ್ದು ಇಷ್ಟು. ಶಾಲೆಯ ವೆಬ್‌ಸೈಟ್ ನಿಧಾನ ಎಂದು ಅದನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸಿದ್ದರು. ಸಾಗಿಸಿದವರು ಡೊಮೇನಿನ ನೇಮ್‌ಸರ್ವರ್‌ಗಳನ್ನೇ, ಅಂದರೆ ಅದರ ಡಿಎನ್‌ಎಸ್ ಉತ್ತರಗಳನ್ನು ಕೊಡುವ ಸರ್ವರ್‌ಗಳನ್ನೇ, ಬದಲಿಸಿದ್ದರು. ಹಳೆಯ ಕಡೆ ಇದ್ದ ರೆಕಾರ್ಡ್‌ಗಳಲ್ಲಿ ವೆಬ್‌ಸೈಟಿಗೆ ಬೇಕಾದದ್ದು ಮಾತ್ರ ಹೊಸ ಕಡೆಗೆ ಬಂದಿತ್ತು. ನನಗೆ ಯಾರೂ ಹೇಳಿರಲಿಲ್ಲ. ವೆಬ್‌ಸೈಟಿಗೂ ಮೇಲ್‌ಗೂ ಸಂಬಂಧವಿದೆ ಎಂದು ಅವರಿಗೆ ಅನ್ನಿಸಿದ್ದರಲ್ಲವೇ ಹೇಳುವುದು. ಹೊಸ ಹೋಸ್ಟಿಂಗ್ ಪ್ಯಾನೆಲ್ ತಾನಾಗಿಯೇ ತನ್ನನ್ನೇ ಮೇಲ್ ಸರ್ವರ್ ಎಂದು ಬರೆದುಕೊಂಡಿತ್ತು. ಸಾಲದ್ದಕ್ಕೆ, ಯಾವ ಹೆಸರಿಗೆ ಮೇಲ್ ಬಂದರೂ ಒಂದೇ ಪೆಟ್ಟಿಗೆಗೆ ಹಾಕು ಎಂಬ ಸೆಟ್ಟಿಂಗ್ ಅಲ್ಲಿತ್ತು. ಆದ್ದರಿಂದಲೇ ಯಾವುದೂ ಬೌನ್ಸ್ ಆಗಿರಲಿಲ್ಲ. ಆ ಸೆಟ್ಟಿಂಗ್ ಇಲ್ಲದಿದ್ದರೆ ‘ಇಂಥ ವಿಳಾಸವೇ ಇಲ್ಲ’ ಎಂಬ 550 ದೋಷದೊಡನೆ ಮೇಲ್ ವಾಪಸ್ಸಾಗಿ, ಕಳಿಸಿದವರು ಅವತ್ತೇ ಫೋನ್ ಮಾಡುತ್ತಿದ್ದರು. ಬೌನ್ಸ್ ಆದ ಮೇಲ್ ಕಂಡರೆ ಈಗ ನನಗೆ ಒಂಥರಾ ಸಮಾಧಾನ. ಅದು ತನ್ನ ಕಾಯಿಲೆ ತಾನೇ ಹೇಳುವ ರೋಗಿ.

ಕೆಲವರ ಮೇಲ್ ಬಂದು ಕೆಲವರದು ಬಾರದ್ದಕ್ಕೂ ಕಾರಣ ಸರಳ. ಡಿಎನ್‌ಎಸ್ ಉತ್ತರಗಳನ್ನು ಎಲ್ಲರೂ ಒಂದಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತಾರೆ. ಎಷ್ಟು ಹೊತ್ತು ಎಂಬುದನ್ನು ಟಿಟಿಎಲ್ ಎಂಬ ಸೆಕೆಂಡುಗಳ ಲೆಕ್ಕ ಹೇಳುತ್ತದೆ. ನೇಮ್‌ಸರ್ವರ್ ಬದಲಾವಣೆಯಾದರೆ ಹಳೆಯ ನೆನಪು ಎರಡು ದಿನದವರೆಗೂ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಉಳಿಯಬಹುದು. ಹಳೆಯ ಉತ್ತರ ನೆನಪಿದ್ದವರ ಮೇಲ್ ನಮಗೆ, ಹೊಸದಾಗಿ ಕೇಳಿದವರ ಮೇಲ್ ಹೋಸ್ಟಿಂಗ್ ಪೆಟ್ಟಿಗೆಗೆ. ನಮ್ಮೊಳಗಿನ ಮೇಲ್‌ಗಳು ಗೂಗಲ್‌ನ ಒಳಗೇ ತಿರುಗುವುದರಿಂದ ಅವುಗಳಿಗೆ ಎಂಎಕ್ಸ್ ಪ್ರಶ್ನೆಯೇ ಬರುವುದಿಲ್ಲ. ಎರಡು ಕಡೆಯಿಂದ ಕೇಳುವುದು ಅಂದಿನಿಂದ ನನಗೆ ಅಭ್ಯಾಸವಾಗಿದೆ: ಒಮ್ಮೆ ಶಾಲೆಯ ನೆಟ್‌ವರ್ಕ್‌ನಿಂದ, ಒಮ್ಮೆ ಫೋನಿನಿಂದ. ಗೂಗಲ್ ಅಡ್ಮಿನ್ ಟೂಲ್‌ಬಾಕ್ಸ್‌ನಲ್ಲಿರುವ, ಡಿಎನ್‌ಎಸ್ ಕೇಳಿ ನೋಡುವ ಡಿಗ್ ಎಂಬ ಸಾಧನ ಕೂಡ ಈ ಕೆಲಸಕ್ಕೆ ಚೆನ್ನಾಗಿದೆ.

ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಹಿಂದೆ ಗೂಗಲ್‌ಗೆ ಐದು ಎಂಎಕ್ಸ್ ರೆಕಾರ್ಡ್ ಬರೆಯಬೇಕಿತ್ತು, 1, 5, 5, 10, 10 ಎಂಬ ಆದ್ಯತೆಯಲ್ಲಿ. 2023ರಿಂದ ಹೊಸದಾಗಿ ಹಾಕುವವರಿಗೆ ಒಂದೇ ರೆಕಾರ್ಡ್ ಸಾಕು. ಹಾಕಿದೆ, ಹೋಸ್ಟಿಂಗ್‌ನದನ್ನು ತೆಗೆದೆ. ‘ಅದೂ ಒಂದು ಕೊನೇಲಿ ಇರ್ಲಿ ಬಿಡಿ, ಬ್ಯಾಕಪ್ ಥರ’ ಎಂದರು ವೆಬ್‌ಸೈಟಿನವರು. ಇರಬಾರದು. ಗೂಗಲ್ ಸರ್ವರ್ ಒಂದು ಕ್ಷಣ ತಡ ಮಾಡಿದರೂ ಮೇಲ್ ಯಾರೂ ನೋಡದ ಆ ಪೆಟ್ಟಿಗೆಗೆ ಜಾರುತ್ತದೆ. ಸ್ಪ್ಯಾಮ್ ಕಳಿಸುವವರಂತೂ ಬೇಕೆಂದೇ ಕೊನೆಯ ಆದ್ಯತೆಯ ಸರ್ವರನ್ನು ಹುಡುಕಿಕೊಂಡು ಬರುತ್ತಾರೆ. ಆ ಪೆಟ್ಟಿಗೆಯಲ್ಲಿ ಸೇರಿಕೊಂಡಿದ್ದ ಮೇಲ್‌ಗಳನ್ನು ಒಂದೊಂದಾಗಿ ಓದಿ ಸಂಬಂಧಪಟ್ಟವರಿಗೆ ಮುಂದೂಡುತ್ತಾ ಒಂದು ಭಾನುವಾರ ಕಳೆಯಿತು.

ಮುಗಿಯಿತು ಅಂದುಕೊಂಡರೆ ಬಾಲ ಉಳಿದಿತ್ತು. ವೆಬ್‌ಸೈಟಿನ ‘ನಮ್ಮನ್ನು ಸಂಪರ್ಕಿಸಿ’ ಫಾರಂ ತುಂಬಿದವರ ಸಂದೇಶ ಮಾತ್ರ ಕಚೇರಿಗೆ ಬರುತ್ತಿಲ್ಲ. ಎಂಎಕ್ಸ್ ಎಲ್ಲ ಕಡೆಯಿಂದಲೂ ಸರಿಯಿದೆ. ಇಲ್ಲಿ ತೊಡಕೇನೆಂದರೆ, ಫಾರಂ ಮೇಲ್ ಕಳಿಸುವುದು ಅದೇ ಹೋಸ್ಟಿಂಗ್ ಸರ್ವರ್‌ನಿಂದ. ಆ ಸರ್ವರ್‌ಗೆ ನಮ್ಮ ಡೊಮೇನ್ ತನ್ನದೇ ಎಂಬ ನಂಬಿಕೆ. ಹಾಗಾಗಿ ಅದು ಎಂಎಕ್ಸ್ ಕೇಳಲು ಹೋಗದೆ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿ-ಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ಎಂಬ ಕಡೆ ‘ಲೋಕಲ್’ ಎಂದಿದ್ದದ್ದನ್ನು ‘ರಿಮೋಟ್’ ಮಾಡಿದ ಮೇಲೆ ಸಂದೇಶಗಳು ಬರತೊಡಗಿದವು. ಈ ಒಂದು ಗುಂಡಿಯ ವಿಷಯ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ರಾತ್ರಿ ಉಳಿಯುತ್ತಿತ್ತೋ.

ಬರುವ ಮೇಲ್ ಸರಿಯಾದ ಮೇಲೆ ಹೋಗುವ ಮೇಲ್ ಕೈಕೊಟ್ಟಿತು. ಪೋಷಕರಿಗೆ ಹೋಗುವ ಶುಲ್ಕದ ಸೂಚನೆ, ಅಂಕಪಟ್ಟಿ ಇವೆಲ್ಲ ಸ್ಪ್ಯಾಮ್‌ಗೆ. ಶಿಕ್ಷಕರು ಕೈಯಾರೆ ಕಳಿಸಿದ್ದು ಮಾತ್ರ ಇನ್‌ಬಾಕ್ಸ್‌ಗೆ. ಸೂಚನೆಗಳು ಹೋಗುವುದು ಶಾಲಾ ನಿರ್ವಹಣೆಯ ಬೇರೊಂದು ಸಾಫ್ಟ್‌ವೇರ್‌ನಿಂದ. ಆದರೆ ‘ಕಳಿಸಿದವರು’ ಎಂಬಲ್ಲಿ ನಮ್ಮ ಡೊಮೇನಿನ ವಿಳಾಸ. ಪೋಷಕರೊಬ್ಬರ ಫೋನ್ ಕೇಳಿ ಪಡೆದು, ಸ್ಪ್ಯಾಮ್‌ನಲ್ಲಿದ್ದ ಮೇಲನ್ನು ಅವರಿಂದಲೇ ನನಗೆ ಕಳಿಸಿಕೊಂಡೆ. ಅದು ವ್ಯರ್ಥ. ಮುಂದೂಡಿದ ಮೇಲ್‌ನಲ್ಲಿ ಮೂಲದ ಹೆಡರ್, ಅಂದರೆ ಮೇಲ್ ಸಾಗಿ ಬಂದ ದಾರಿಯ ದಾಖಲೆ, ಇರುವುದಿಲ್ಲ. ಅವರು ಕಂಪ್ಯೂಟರ್‌ನಲ್ಲಿ ತೆರೆದು, ‘ಶೋ ಒರಿಜಿನಲ್’ ಒತ್ತಿ, ಅದನ್ನು ಪೂರ್ತಿ ನಕಲು ಮಾಡಿ ಕೊಡಬೇಕು. ಪುಣ್ಯಾತ್ಮರು ತಾಳ್ಮೆಯಿಂದ ಮಾಡಿಕೊಟ್ಟರು. ಹೆಡರ್ ಮೊದಲ ಸಲ ನೋಡಿದರೆ ಮಂತ್ರದಂತಿರುತ್ತದೆ. ‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಹೊರಟ ಊರು ಕೆಳಗೆ, ತಲುಪಿದ್ದು ಮೇಲೆ. ಆದರೆ ನನಗೆ ಬೇಕಿದ್ದದ್ದು ಒಂದೇ ಭಾಗ, ‘ಅಥೆಂಟಿಕೇಶನ್ ರಿಸಲ್ಟ್ಸ್’. ಅಲ್ಲಿ ಎಸ್‌ಪಿಎಫ್ ಮುಂದೆ ‘ಪರ್ಮ್‌ಎರರ್’ (ಶಾಶ್ವತ ದೋಷ) ಎಂದಿತ್ತು.

ಎಸ್‌ಪಿಎಫ್ ಎಂದರೆ ಈ ಡೊಮೇನಿನ ಹೆಸರಲ್ಲಿ ಯಾರು ಯಾರು ಮೇಲ್ ಕಳಿಸಬಹುದು ಎಂದು ಡಿಎನ್‌ಎಸ್‌ನಲ್ಲಿ ನಾವೇ ಬರೆದಿಡುವ ಪಟ್ಟಿ. ನಮ್ಮಲ್ಲಿ ಎರಡು ಪಟ್ಟಿ ಇದ್ದವು. ಗೂಗಲ್‌ನದು ಒಂದು, ಸಾಫ್ಟ್‌ವೇರ್‌ನವರು ಹೇಳಿದಂತೆ ಯಾರೋ ಸೇರಿಸಿದ್ದು ಇನ್ನೊಂದು. ಒಂದು ಡೊಮೇನಿಗೆ ಎಸ್‌ಪಿಎಫ್ ರೆಕಾರ್ಡ್ ಒಂದೇ ಇರಬೇಕು. ಎರಡಿದ್ದರೆ ನೋಡುವವರು ಎರಡನ್ನೂ ಒಪ್ಪದೆ ದೋಷ ಎನ್ನುತ್ತಾರೆ. ಎರಡನ್ನೂ ಕೂಡಿಸಿ ಒಂದೇ ಸಾಲು ಮಾಡಿದೆ. ಹೀಗೆ ಕೂಡಿಸುತ್ತಾ ಹೋಗಲೂ ಮಿತಿಯಿದೆ: ಆ ಸಾಲನ್ನು ಬಿಡಿಸಲು ಹತ್ತಕ್ಕಿಂತ ಹೆಚ್ಚು ಸಲ ಡಿಎನ್‌ಎಸ್ ಕೇಳಬೇಕಾಗಿ ಬಂದರೆ ಅದೂ ಪರ್ಮ್‌ಎರರ್. ‘ಇನ್‌ಕ್ಲೂಡ್’ ಎಂದರೆ ಬೇರೆಯವರ ಪಟ್ಟಿಯನ್ನೂ ಸೇರಿಸಿಕೋ ಎಂಬ ಸೂಚನೆ; ಒಂದರ ಒಳಗೆ ಇನ್ನೂ ಕೆಲವು ಅಡಗಿರಬಹುದು, ಲೆಕ್ಕಕ್ಕೆ ಅವೂ ಸೇರುತ್ತವೆ. ಯಾವತ್ತೋ ಬಿಟ್ಟುಬಿಟ್ಟ ಸೇವೆಗಳ ಹೆಸರನ್ನು ಅಲ್ಲಿಂದ ಅಳಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ನನಗೆ ಈಗ ವರ್ಷಕ್ಕೊಮ್ಮೆ ಅದೇ ಒಂದು ಶುದ್ಧಿಕಾರ್ಯ.

ಡಿಕಿಮ್‌ನ ಕಥೆ ಬೇರೆ. ಇದು ಮೇಲ್‌ಗೆ ಹಾಕುವ ಸಹಿ. ಸಹಿ ಸರಿಯೇ ಎಂದು ನೋಡಲು ಬೇಕಾದ ಕೀಲಿಯನ್ನು ಡಿಎನ್‌ಎಸ್‌ನಲ್ಲಿ ಇಡಬೇಕು. 2048 ಬಿಟ್‌ನ ಕೀಲಿ 255 ಅಕ್ಷರಕ್ಕಿಂತ ಉದ್ದ. ಡಿಎನ್‌ಎಸ್‌ನ ಒಂದು ಪಠ್ಯದ ತುಂಡಿನಲ್ಲಿ 255ಕ್ಕಿಂತ ಹೆಚ್ಚು ಹಿಡಿಸದು, ಎರಡು ತುಂಡು ಮಾಡಿ ಕೊಡಬೇಕು. ಕೆಲವು ಪ್ಯಾನೆಲ್‌ಗಳು ತಾವೇ ತುಂಡು ಮಾಡುತ್ತವೆ. ನಮ್ಮದು ಉಳಿದದ್ದನ್ನು ಸದ್ದಿಲ್ಲದೆ ಕತ್ತರಿಸಿ ಎಸೆದು ‘ಉಳಿಸಲಾಗಿದೆ’ ಎಂದು ಹಸಿರು ಬಣ್ಣದಲ್ಲಿ ತೋರಿಸಿತು. ಅದನ್ನು ಸರಿಮಾಡಿದ ಮೇಲೂ ಸಹಿ ನಮ್ಮ ಹೆಸರಲ್ಲಿ ಬರಲಿಲ್ಲ. ಯಾಕೆಂದರೆ ಕೀಲಿ ಇಟ್ಟ ನಂತರ ಅಡ್ಮಿನ್ ಕನ್ಸೋಲ್‌ಗೆ ವಾಪಸ್ ಬಂದು ‘ಸ್ಟಾರ್ಟ್ ಅಥೆಂಟಿಕೇಶನ್’ ಒತ್ತಬೇಕು, ನಾನು ಒತ್ತಿರಲಿಲ್ಲ. ಇಲ್ಲಿ ಮೋಸ ಹೋಗುವುದು ಸುಲಭ: ಅಲ್ಲಿಯವರೆಗೂ ಗೂಗಲ್ ತನ್ನದೇ ಬೇರೊಂದು ಡೊಮೇನಿನ ಹೆಸರಲ್ಲಿ ಸಹಿ ಹಾಕುತ್ತಿರುತ್ತದೆ, ಹೆಡರ್‌ನಲ್ಲಿ ಡಿಕಿಮ್ ‘ಪಾಸ್’ ಎಂದೇ ಕಾಣುತ್ತದೆ. ಪಾಸ್ ಆದದ್ದು ಯಾರ ಹೆಸರಲ್ಲಿ ಎಂಬುದನ್ನು ಪಕ್ಕದಲ್ಲಿ ಓದಬೇಕು.

ಇಷ್ಟೆಲ್ಲ ಯಾಕೆ ಬೇಕು ಎಂದು ಕಚೇರಿಯಲ್ಲಿ ಕೇಳಿದ್ದುಂಟು. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ನಾವು ಅಷ್ಟು ಕಳಿಸುವವರಲ್ಲ. ಆದರೆ ಕಡಿಮೆ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಬೇಕೇ ಬೇಕು. ನಮ್ಮ ಪೋಷಕರಲ್ಲಿ ಹೆಚ್ಚಿನವರದು ಜಿಮೇಲ್. ಡಿಮಾರ್ಕ್ ಎಂದರೆ ಈ ಪರೀಕ್ಷೆಗಳಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕೆಂದು ಡಿಎನ್‌ಎಸ್‌ನಲ್ಲಿ ನಾವೇ ಬರೆದಿಡುವ ಸೂಚನೆ; ಅದನ್ನು ಮೊದಲು ‘ಏನೂ ಮಾಡಬೇಡ, ವರದಿ ಮಾತ್ರ ಕಳಿಸು’ ಎಂಬ ಸ್ಥಿತಿಯಲ್ಲಿಟ್ಟೆ. ನೇರವಾಗಿ ‘ತಿರಸ್ಕರಿಸು’ ಎಂದು ಹಾಕಿ ತಮ್ಮ ಮೇಲನ್ನು ತಾವೇ ಕೊಂದುಕೊಂಡವರನ್ನು ನೋಡಿದ್ದೇನೆ.

ಈ ನಡುವೆ ಒಂದು ಮಧ್ಯಾಹ್ನ ಶಿಕ್ಷಕಿಯೊಬ್ಬರು ‘ನನಗೆ ಮೇಲ್ ಕಳಿಸೋಕೇ ಆಗ್ತಿಲ್ಲ, ಮಿತಿ ಮುಗಿದಿದೆ ಅಂತಿದೆ’ ಎಂದರು. ವರ್ಕ್‌ಸ್ಪೇಸ್‌ನಲ್ಲಿ ಒಬ್ಬರಿಗೆ ದಿನಕ್ಕೆ 2000 ಮೇಲ್‌ನ ಮಿತಿ. ಅವರು ಅವತ್ತು ಬರೆದದ್ದು ಮೂರು. ಲಾಗ್ ತೆರೆದೆ, ಅವರ ಹೆಸರಿನಿಂದ ಹೊರಟದ್ದು ಪುಟಗಟ್ಟಲೆ. ಪಾಸ್‌ವರ್ಡ್ ಬದಲಿಸಿ, ತೆರೆದಿದ್ದ ಎಲ್ಲ ಕಡೆಯಿಂದಲೂ ಹೊರಹಾಕಿ ನಿಟ್ಟುಸಿರು ಬಿಟ್ಟೆ. ಮರುದಿನ ಅವರು ಬಂದು ‘ಈಗ ನನಗೆ ಯಾವ ಉತ್ತರವೂ ಬರ್ತಿಲ್ಲ’ ಎಂದರು. ಕದ್ದವರು ಒಂದು ಫಿಲ್ಟರ್ ಇಟ್ಟು ಹೋಗಿದ್ದರು: ಬಂದ ಮೇಲ್ ಎಲ್ಲ ಓದಿದ್ದೆಂದು ಗುರುತು ಹಾಕಿ ಅಳಿಸಿಬಿಡು. ‘ನಿಮ್ಮಿಂದ ವಿಚಿತ್ರ ಮೇಲ್ ಬಂತಲ್ಲ’ ಎಂದು ಯಾರಾದರೂ ಕೇಳಿದರೂ ಅವರಿಗೆ ಕಾಣಬಾರದು ಎಂಬ ಉಪಾಯ. ಈಗ ಖಾತೆ ಕಳವಾದರೆ ನಾನು ಪಾಸ್‌ವರ್ಡ್‌ಗೆ ನಿಲ್ಲುವುದಿಲ್ಲ. ಫಿಲ್ಟರ್, ಮುಂದೂಡುವ ವಿಳಾಸ, ಬೇರೆಯವರಿಗೆ ಕೊಟ್ಟ ಪ್ರವೇಶ, ಅನುಮತಿ ಪಡೆದ ಹೊರಗಿನ ಆಪ್‌ಗಳು, ಆಪ್ ಪಾಸ್‌ವರ್ಡ್‌ಗಳು (ಒಂದು ಆಪ್‌ಗೋ ಯಂತ್ರಕ್ಕೋ ಎಂದೇ ಕೊಡುವ ಪ್ರತ್ಯೇಕ ಪಾಸ್‌ವರ್ಡ್), ಮರುಪಡೆಯುವ ಫೋನ್ ನಂಬರ್, ಎಲ್ಲವನ್ನೂ ತೆರೆದು ನೋಡುತ್ತೇನೆ. ಹೋದ ಮೇಲ್‌ಗಳನ್ನು ಉಳಿದವರ ಇನ್‌ಬಾಕ್ಸ್‌ನಿಂದ ಹೊರಗೆಳೆಯುವ ತನಿಖಾ ಸಾಧನ ಉಚಿತ ಆವೃತ್ತಿಯಲ್ಲಿ ಇಲ್ಲ. ಗ್ಯಾಮ್ ಎಂಬ ಆಜ್ಞಾಸಾಲಿನ ಉಪಕರಣ ಕಲಿತು ಅದರಲ್ಲಿ ಅಳಿಸಿದೆ. ಅದನ್ನು ಬಳಸುವಾಗ ಮೊದಲು ‘ಏನೇನು ಸಿಗುತ್ತದೆ ತೋರಿಸು’ ಎಂದು ಕೇಳಿ, ಆಮೇಲೆ ಅಳಿಸಬೇಕು. ಹುಡುಕುವ ಪದ ಸ್ವಲ್ಪ ಸಡಿಲವಾದರೂ ಪ್ರಾಂಶುಪಾಲರ ಸುತ್ತೋಲೆಯೂ ಜೊತೆಗೆ ಹೋದೀತು.

ಆ ಶಿಕ್ಷಕಿ ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಲಾಗಿನ್ ಆಗಿ’ ಎಂಬ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟದ್ದು ಬೆಳಿಗ್ಗೆ. ಕೊಟ್ಟ ಐದೇ ನಿಮಿಷಕ್ಕೆ ಏನೋ ತಪ್ಪಾಯಿತೆಂದು ಅವರಿಗೇ ಅನ್ನಿಸಿತ್ತು. ನನ್ನ ಬಳಿ ಬರಲು ಹಿಂಜರಿದದ್ದು ಬೈಯುತ್ತಾರೆಂಬ ಭಯಕ್ಕೆ. ಹಿಂದಿನ ವಾರವಷ್ಟೇ ಸ್ಟಾಫ್ ರೂಮಿನಲ್ಲಿ ನಾನು ಇನ್ನೊಬ್ಬರನ್ನು ಇದೇ ವಿಷಯಕ್ಕೆ ತಮಾಷೆ ಮಾಡಿದ್ದೆ. ಆ ತಮಾಷೆಗೆ ತೆತ್ತ ಬೆಲೆ ಅವತ್ತಿನ ಅಷ್ಟೂ ಗಂಟೆಗಳು. ಎರಡು ಹಂತದ ಪರಿಶೀಲನೆಯನ್ನು ಸಿಬ್ಬಂದಿಗೆಲ್ಲ ಕಡ್ಡಾಯ ಮಾಡಿದ್ದು ಇದಾದ ಮೇಲೆ. ಗೊಣಗಾಟ ಒಂದು ತಿಂಗಳು ನಡೆಯಿತು. ಒಬ್ಬರ ಕೋಡ್ ಮಾತ್ರ ಯಾವಾಗಲೂ ತಪ್ಪು ಎನ್ನುತ್ತಿತ್ತು. ಅವರು ಮನೆಯಿಂದ ಬೇಗ ಹೊರಡಲೆಂದು ಫೋನಿನ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿದ್ದರು. ಆಪ್ ತೋರಿಸುವ ಕೋಡ್ 30 ಸೆಕೆಂಡಿಗೊಮ್ಮೆ ಗಡಿಯಾರ ನೋಡಿಕೊಂಡೇ ಹುಟ್ಟುವುದು.

ನಾನೇ ಮಾಡಿದ, ಇನ್ನೂ ಚುಚ್ಚುವ ತಪ್ಪೊಂದಿದೆ. ಒಬ್ಬ ಹಿರಿಯ ಶಿಕ್ಷಕರು ಕೆಲಸ ಬಿಟ್ಟರು. ವರ್ಷದ ಕೊನೆಯ ದಿನ, ಎಲ್ಲ ಸ್ವಚ್ಛ ಮಾಡುವ ಹುರುಪಿನಲ್ಲಿ ಅವರ ಖಾತೆ ಅಳಿಸಿದೆ. ಕಡತಗಳನ್ನು ಬೇರೆಯವರಿಗೆ ವರ್ಗಾಯಿಸಬೇಕೇ ಎಂದು ಅದು ಕೇಳಿತ್ತು, ಬೇಡ ಎಂದೆ. ಅಳಿಸಿದ ಖಾತೆಯನ್ನು 20 ದಿನದೊಳಗೆ ಮರಳಿ ಪಡೆಯಬಹುದು. ರಜೆ ಅದಕ್ಕಿಂತ ಉದ್ದ. ಶಾಲೆ ತೆರೆದ ದಿನ ವಿಜ್ಞಾನದ ಶಿಕ್ಷಕರು ‘ಪ್ರಶ್ನೆಕೋಶದ ಫೋಲ್ಡರ್ ಕಾಣ್ತಿಲ್ಲ’ ಎಂದರು. ಎಲ್ಲರೂ ವರ್ಷಗಟ್ಟಲೆ ಸೇರಿ ಕಟ್ಟಿದ್ದ ಫೋಲ್ಡರ್, ಒಡೆತನ ಮಾತ್ರ ಆ ಹಿರಿಯರ ಹೆಸರಲ್ಲಿ. ಯಾರ್ಯಾರೋ ಮುದ್ರಿಸಿಕೊಂಡಿದ್ದ ಪ್ರತಿಗಳಿಂದ ಕೆಲವನ್ನು ಮತ್ತೆ ಟೈಪ್ ಮಾಡಿದೆವು, ಉಳಿದವು ಹೋದವು. ಈಗ ಯಾರು ಬಿಟ್ಟರೂ ಖಾತೆಯನ್ನು ಅಮಾನತಿನಲ್ಲಿಡುತ್ತೇನೆ, ಒಂದು ಪೂರ್ತಿ ಶೈಕ್ಷಣಿಕ ವರ್ಷ. ಹಂಚಿಕೊಂಡು ಮಾಡುವ ಕೆಲಸವೆಲ್ಲ ಶೇರ್ಡ್ ಡ್ರೈವ್‌ನಲ್ಲಿ. ಅಲ್ಲಿ ಒಡೆತನ ಶಾಲೆಯದು, ವ್ಯಕ್ತಿಯದಲ್ಲ.

ಮಕ್ಕಳ ಮೇಲ್ ಶಾಲೆಯೊಳಗೆ ಮಾತ್ರ ಓಡಾಡುವಂತೆ ನಿರ್ಬಂಧ ಹಾಕಿದ್ದೇವೆ, ಅದು ಸರಿಯಾದ ನಿರ್ಧಾರ ಎಂದೇ ನನ್ನ ಭಾವನೆ. ಅದರ ಅಡ್ಡಪರಿಣಾಮವಾಗಿ, ಶಿಕ್ಷಕರು ಹೊಸ ಕಲಿಕಾ ತಾಣವೊಂದನ್ನು ತೋರಿಸಿ ‘ಎಲ್ಲರೂ ಖಾತೆ ತೆರೀರಿ’ ಎಂದ ಕೂಡಲೇ ನಲವತ್ತು ಮಕ್ಕಳಿಗೆ ದೃಢೀಕರಣದ ಮೇಲ್ ಬರುವುದಿಲ್ಲ. ಲಾಗ್‌ನಲ್ಲಿ ತಿರಸ್ಕೃತ ಎಂದು ಸ್ಪಷ್ಟವಾಗಿರುತ್ತದೆ. ಆ ಡೊಮೇನನ್ನು ಅನುಮತಿ ಪಟ್ಟಿಗೆ ಸೇರಿಸಿದರೆ ಮುಗಿಯಿತು. ತರಗತಿಗೆ ಒಂದು ದಿನ ಮುಂಚೆ ಹೇಳಿ ಎಂದು ಎಷ್ಟು ಸಲ ಹೇಳಿದರೂ ಫೋನ್ ಬರುವುದು ತರಗತಿಯ ಮಧ್ಯದಲ್ಲೇ.

ಸ್ಕ್ಯಾನ್ ಮಾಡಿದ್ದನ್ನು ತಾನೇ ಮೇಲ್ ಮಾಡುವ ಕಚೇರಿಯ ಸ್ಕ್ಯಾನರ್ ಬಗ್ಗೆ ಒಂದು ಮಾತು. ಬರೀ ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ವಿಧಾನವನ್ನು ಗೂಗಲ್ 2025ರಲ್ಲಿ ಮುಚ್ಚಿತು. ಯಂತ್ರಗಳ ಮೇಲನ್ನು ಪಡೆದು ಮುಂದೆ ಸಾಗಿಸುವ ಗೂಗಲ್‌ನ ರಿಲೇ ಸೇವೆಯಲ್ಲಿ ನಮ್ಮ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಮ್ಮ ಸಂಪರ್ಕದ ಸಂಖ್ಯೆ) ನಮೂದಿಸಿ ನೋಡಿದೆ. ರೂಟರ್ ಆರಿ ಹೊತ್ತಿದಾಗಲೆಲ್ಲ ನಮ್ಮ ಐಪಿ ಬದಲಾಗುತ್ತದೆ, ಸ್ಕ್ಯಾನರ್ ಮುನಿಸಿಕೊಳ್ಳುತ್ತದೆ. ಕೊನೆಗೆ ಸ್ಕ್ಯಾನರ್‌ಗೇ ಒಂದು ಖಾತೆ, ಅದಕ್ಕೆ 16 ಅಕ್ಷರದ ಆಪ್ ಪಾಸ್‌ವರ್ಡ್. ಅದರ ಪುಟ್ಟ ಗುಂಡಿಗಳಲ್ಲಿ 16 ಅಕ್ಷರ ಒತ್ತುವಷ್ಟರಲ್ಲಿ ಒಂದು ಪೀರಿಯಡ್ ಮುಗಿದಿತ್ತು. ದಪ್ಪ ಕಡತ ಯಾಕೆ ಹೋಗುವುದಿಲ್ಲ ಎಂದೂ ಕೇಳುತ್ತಾರೆ. ಮೇಲ್‌ನಲ್ಲಿ ಸಾಗುವಾಗ ಲಗತ್ತು ಅಕ್ಷರರೂಪಕ್ಕೆ ತಿರುಗಿ ಮೂರನೇ ಒಂದು ಪಾಲು ಹಿಗ್ಗುತ್ತದೆ. 25 ಎಂಬಿ ಮಿತಿಯ ಸರ್ವರ್‌ನಲ್ಲಿ 20 ಎಂಬಿಯ ಸ್ಕ್ಯಾನ್ ದಾಟುವುದಿಲ್ಲ.

ಇನ್ನು ಡಿಮಾರ್ಕ್ ವರದಿಗಳು. ಮೇಲ್ ಪಡೆಯುವ ದೊಡ್ಡ ಸೇವೆಗಳು ದಿನಕ್ಕೊಂದು ಸುರುಳಿ ಕಳಿಸುತ್ತವೆ: ನಿಮ್ಮ ಡೊಮೇನಿನ ಹೆಸರಲ್ಲಿ ಇಂಥ ಐಪಿಯಿಂದ ಇಷ್ಟು ಮೇಲ್ ಬಂತು, ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂದು. ಗೂಗಲ್‌ನದು, ಶುಲ್ಕದ ಸಾಫ್ಟ್‌ವೇರ್‌ನದು, ವೆಬ್‌ಸೈಟ್ ಫಾರಂನದು, ಎಲ್ಲ ಹೊಂದಿಕೊಂಡವು. ಒಂದು ಮಾತ್ರ ಹೊಂದಲಿಲ್ಲ. ಪ್ರತಿ ಸೋಮವಾರ ಯಾವುದೋ ಐಪಿಯಿಂದ ಒಂದಷ್ಟು ಮೇಲ್, ಎಲ್ಲವೂ ಫೇಲ್. ಯಾರೋ ನಮ್ಮ ಹೆಸರಲ್ಲಿ ಮೋಸ ಮಾಡುತ್ತಿದ್ದಾರೆ ಎಂದು ಖುಷಿಯೇ ಆಯಿತು ಅನ್ನಿ, ಕೊನೆಗೂ ಒಬ್ಬ ಕಳ್ಳ ಸಿಕ್ಕ! ಐಪಿ ಹುಡುಕಿದರೆ ಅದು ನಮ್ಮದೇ ಶಾಲೆಯ ಇಂಟರ್‌ನೆಟ್ ಸಂಪರ್ಕ. ಕೋಣೆಕೋಣೆ ತಿರುಗಿ ಕೊನೆಗೆ ಗ್ರಂಥಾಲಯದ ಮೂಲೆಯಲ್ಲಿ, ಧೂಳು ಹೊದ್ದ ಹಳೆಯ ಕಂಪ್ಯೂಟರ್ ಸಿಕ್ಕಿತು. ಪುಸ್ತಕ ಹಿಂದಿರುಗಿಸುವ ಗಡುವು ಮೀರಿದವರಿಗೆ ವಾರಕ್ಕೊಮ್ಮೆ ನೆನಪೋಲೆ ಕಳಿಸುವ ಸಾಫ್ಟ್‌ವೇರನ್ನು ಯಾರೋ ಯಾವತ್ತೋ ಅದರಲ್ಲಿ ಹಾಕಿದ್ದರು. ವರ್ಷಗಳಿಂದ ಅದು ತಪ್ಪದೆ ಕಳಿಸುತ್ತಲೇ ಇತ್ತು, ಎಲ್ಲವೂ ನೆಟ್ಟಗೆ ಸ್ಪ್ಯಾಮ್‌ಗೆ.

ವಿಷಯ ಹೇಳಿದಾಗ ಗ್ರಂಥಪಾಲಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಅಲ್ಲಾ ಮೇಷ್ಟ್ರೇ, ನಾನು ಇಷ್ಟು ದಿನ ಮಕ್ಕಳನ್ನ ಸುಮ್‌ಸುಮ್ನೆ ಬೈದ್ನಲ್ಲ’ ಎಂದರು.